ಮದುವೆ ಮನೇಲಿ ಕೇಳಿದ ಬೀಳ್ಕೊಡುಗೆ ಹಾಡು

1/8

ಈ ಸಲದ ಸೀರೀಸ್ ಸ್ವಲ್ಪ ಉದ್ದ ಇದೆ. ಒಟ್ಟು ಎಂಟು ಪೋಸ್ಟ್. ಬಸ್ಸಲ್ಲಿ ಕೂತ್ಕೊಂಡು ಓದಿ, ಕ್ಲಾಸಲ್ಲಿ ಬೇಡ.

ಹೋದ ತಿಂಗಳು ನಮ್ಮ ಕ್ಲಾಸಿನವಳ ಅಕ್ಕನ ರಿಸೆಪ್ಷನ್‌ಗೆ ಅಂತ ಎಲ್ಲರೂ ಮೈಸೂರಿಂದ ತಿಪಟೂರಿಗೆ ಹೋಗಿದ್ವಲ್ಲ, ಅಲ್ಲಿಂದ ಶುರು. ನೀವೆಲ್ಲ ಸ್ಟೇಜ್ ಹತ್ರ ಫೋಟೊಗೆ ಕ್ಯೂ ನಿಂತಿದ್ರಿ. ನಾನು ಊಟದ ಹಾಲ್ ಬಾಗಿಲಲ್ಲಿ ಕಂಬದ ಹಿಂದೆ ನಿಂತಿದ್ದೆ. ಆಮೇಲೆ ಯಾಕೆ ಬರ್ಲಿಲ್ಲ ಅಂತ ಕೇಳಿದ್ರಿ. ತಲೆನೋವು ಅಂದೆ. ಸುಳ್ಳು.

ಸ್ಟೇಜಿನ ಪಕ್ಕದಲ್ಲಿ ಕೀಬೋರ್ಡ್ ನುಡಿಸ್ತಿದ್ದೋರು ನನ್ನ ಹಳೇ ಮೇಷ್ಟ್ರು. ಒಂಬತ್ತನೇ ಕ್ಲಾಸಿಂದ ಸೆಕೆಂಡ್ ಪಿಯುಸಿವರೆಗೆ ನಾನು ಅವರ ಆರ್ಕೆಸ್ಟ್ರಾದಲ್ಲಿ ಹಾಡ್ತಿದ್ದೆ. ಇದು ನಿಮ್ಮಲ್ಲಿ ಇಬ್ಬರಿಗೋ ಮೂವರಿಗೋ ಮಾತ್ರ ಗೊತ್ತು. ಗಣಪತಿ ಪೆಂಡಾಲು, ಊರ ಜಾತ್ರೆ, ಮದುವೆ, ಎಲ್ಲಾ ಕಡೆ ರಸಮಂಜರಿ. ಅವರನ್ನ ನಾನು ಮೂರು ವರ್ಷದಿಂದ ನೋಡಿರಲಿಲ್ಲ. ಅವರೂ ನನ್ನನ್ನ ನೋಡೋದು ಬೇಡ ಅಂತಲೇ ಕಂಬದ ಹಿಂದೆ ನಿಂತಿದ್ದು.

ಗಂಡು ಹೆಣ್ಣು ಕೈ ಹಿಡ್ಕೊಂಡು ಸ್ಟೇಜ್ ಹತ್ತುವಾಗ ಅವರು ಒಂದು ಇಂಗ್ಲಿಷ್ ಹಾಡಿನ ಟ್ಯೂನ್ ನುಡಿಸಿದ್ರು. ವಿಟ್ನಿ ಹ್ಯೂಸ್ಟನ್ ಹಾಡಿರೋ 'ಐ ವಿಲ್ ಆಲ್ವೇಸ್ ಲವ್ ಯೂ'. ಎಲ್ಲರಿಗೂ ಗೊತ್ತಿರೋ ಹಾಡು, ರೀಲ್ಸ್‌ನಲ್ಲಿ ಅದರ ಜೋರು ಭಾಗಕ್ಕೆ ಬಾಯಿ ಆಡಿಸದವರೇ ಇಲ್ಲ. ಪಕ್ಕದಲ್ಲಿದ್ದ ಒಬ್ಬರು ಆಂಟಿ "ಎಷ್ಟು ಚೆನ್ನಾಗಿದೆ ಅಲ್ವಾ, ಲವ್ ಸಾಂಗ್" ಅಂದ್ರು. ನಾನೂ ಹೂಂ ಅಂದೆ.

ಆವತ್ತು ರಾತ್ರಿ ಪಿಜಿಗೆ ವಾಪಸ್ ಬಂದು ನಿದ್ದೆ ಬರದೆ ಆ ಹಾಡಿನ ಹಿಂದೆ ಬಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಗೊತ್ತಾಯ್ತು, ಅದು ಪ್ರೇಮಿಗೆ ಬರೆದ ಹಾಡೇ ಅಲ್ಲ. ಒಬ್ಬಳು ತನ್ನನ್ನ ಮೇಲೆ ತಂದ ಮೇಷ್ಟ್ರ ಹತ್ರ "ನಾನು ಹೋಗ್ತೀನಿ" ಅಂತ ಹೇಳೋಕೆ ಬರೆದ ಹಾಡು.

2/8

ಅವಳ ಹೆಸರು ಡಾಲಿ ಪಾರ್ಟನ್. ಅಮೆರಿಕದ ಟೆನೆಸಿ ಬೆಟ್ಟದ ಸೀಮೆಯ ಬಡ ಮನೆ, ಹನ್ನೆರಡು ಮಕ್ಕಳಲ್ಲಿ ಒಬ್ಬಳು. ಹುಟ್ಟಿದ್ದು 1946ರಲ್ಲಿ. ಹೈಸ್ಕೂಲ್ ಮುಗಿಸಿ ನ್ಯಾಶ್‌ವಿಲ್‌ಗೆ ಬಂದಳು. ಅಲ್ಲಿನ ಕಂಟ್ರಿ ಸಂಗೀತಕ್ಕೆ ಆ ಊರೇ ರಾಜಧಾನಿ.

1967ರಲ್ಲಿ ಪೋರ್ಟರ್ ವ್ಯಾಗನರ್ ಅನ್ನೋ ದೊಡ್ಡ ಗಾಯಕ ತನ್ನ ಟಿವಿ ಶೋಗೆ ಅವಳನ್ನ ಸೇರಿಸಿಕೊಂಡ. ಮಿಂಚೋ ಕಲ್ಲು ಹಚ್ಚಿದ ಸೂಟ್ ಹಾಕೋ ಮನುಷ್ಯ, ಆಗಲೇ ಮನೆಮನೆಗೂ ಗೊತ್ತಿದ್ದ ಹೆಸರು. ಅವಳಿಗಿಂತ ಮುಂಚೆ ಆ ಜಾಗದಲ್ಲಿ ನಾರ್ಮಾ ಜೀನ್ ಅಂತ ಒಬ್ಬಾಕೆ ಹಾಡ್ತಿದ್ದಳು. ಶುರುವಿನಲ್ಲಿ ಡಾಲಿ ಸ್ಟೇಜಿಗೆ ಬಂದ್ರೆ ಜನ ನಾರ್ಮಾ ಜೀನ್ ಹೆಸರನ್ನೇ ಕೂಗ್ತಿದ್ರಂತೆ. ಪೋರ್ಟರ್ ಪಕ್ಕದಲ್ಲಿ ನಿಂತು ಜೋಡಿ ಹಾಡು ಹಾಡಿಸಿ ಹಾಡಿಸಿ ಅವಳನ್ನ ಜನ ಒಪ್ಪೋ ಹಾಗೆ ಮಾಡಿದ.

ಐದು ವರ್ಷ ಇರ್ತೀನಿ ಅಂತ ಬಂದವಳು ಏಳು ವರ್ಷ ಇದ್ದಳು. ಅಷ್ಟರಲ್ಲಿ ಅವಳ ಸ್ವಂತ ಹಾಡುಗಳು ಓಡೋಕೆ ಶುರುವಾಗಿದ್ವು. ಹೋಗಬೇಕು ಅನ್ನಿಸ್ತು. ಅವನಿಗೆ ಅದು ಬೇಕಿರಲಿಲ್ಲ. ಮಾತು ಶುರುಮಾಡಿದಾಗಲೆಲ್ಲ ಜಗಳ, ಅವಳ ಮಾತು ಅವನ ಕಿವಿಗೆ ಬೀಳ್ತಾನೇ ಇರಲಿಲ್ಲ. ನಾನು ಇಲ್ಲದಿದ್ರೆ ನೀನು ಎಲ್ಲಿರ್ತಿದ್ದೆ ಅನ್ನೋ ಥರದ ಜಗಳ. ಈ ಜಗಳ ನಮಗ್ಯಾರಿಗೂ ಹೊಸದಲ್ಲ ಬಿಡಿ.

ಕೊನೆಗೆ ಒಂದು ದಿನ ಮನೆಗೆ ಹೋಗಿ ಕೂತು ಹಾಡು ಬರೆದಳು. ಮಾರನೇ ದಿನ ಗಿಟಾರ್ ತಗೊಂಡು ಅವನ ಆಫೀಸಿಗೆ ಹೋಗಿ, ಕೂರಿಸಿ, ಅವನ ಮುಂದೆನೇ ಹಾಡಿದಳು. ಅವನ ಕಣ್ಣಲ್ಲಿ ನೀರು. ನೀನು ಬರೆದಿರೋದರಲ್ಲೇ ಇದು ಒಳ್ಳೇದು, ಹೋಗು, ಆದ್ರೆ ಇದರ ರೆಕಾರ್ಡ್ ನಾನು ಮಾಡಿಸ್ತೀನಿ ಅಂದನಂತೆ. ಡಾಲಿ ಈ ಕತೆಯನ್ನ ಎಷ್ಟೋ ಸಂದರ್ಶನದಲ್ಲಿ ಹೇಳಿದ್ದಾಳೆ.

3/8

ಈಗ ನನ್ನ ಕತೆ.

ಮೇಷ್ಟ್ರು ನನ್ನನ್ನ ಮೊದಲು ನೋಡಿದ್ದು ನಮ್ಮ ಸ್ಕೂಲಿನ ರಾಜ್ಯೋತ್ಸವದಲ್ಲಿ. ಸಂಜೆನೇ ಮನೆಗೆ ಬಂದು ಅಪ್ಪನ ಹತ್ರ ಮಾತಾಡಿದ್ರು. ಹೆಣ್ಣುಮಗು, ರಾತ್ರಿ ಹೊತ್ತು, ಆರ್ಕೆಸ್ಟ್ರಾ ಅಂದ್ರೆ ಯಾರು ಒಪ್ತಾರೆ? ಅಪ್ಪ ಆಗಲ್ಲ ಅಂದ್ರು. ಮೇಷ್ಟ್ರು ಮೂರು ಸಲ ಬಂದ್ರು. ಮೂರನೇ ಸಲ ಹೆಂಡತಿಯನ್ನೂ ಕರ್ಕೊಂಡು ಬಂದು, "ಇವಳು ಜೊತೆಗೇ ಇರ್ತಾಳೆ ಸರ್" ಅಂದ್ರು.

ಮಾತು ಉಳಿಸಿಕೊಂಡ್ರು. ಪ್ರೋಗ್ರಾಂ ಮುಗಿದು ಸೌಂಡ್ ಬಾಕ್ಸ್ ಎಲ್ಲಾ ಟಾಟಾ ಏಸ್‌ಗೆ ಹಾಕಿ ಹೊರಡೋದು ಒಂದು ಗಂಟೆ ಆಗ್ತಿತ್ತು. ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, ಅಮ್ಮ ಬಾಗಿಲು ತೆಗೆದು ಲೈಟ್ ಹಾಕೋವರೆಗೂ ಕಾಯ್ತಿದ್ರು. ನಾಲ್ಕು ವರ್ಷದಲ್ಲಿ ಒಂದು ದಿನವೂ ಅದು ತಪ್ಪಲಿಲ್ಲ. ಮೈಕನ್ನ ಯಾವಾಗ ಬಾಯಿಂದ ದೂರ ಹಿಡೀಬೇಕು, ಜನ ಸೀಟಿ ಹೊಡೆದ್ರೆ ಯಾವ ಕಡೆ ನೋಡಬೇಕು, ಸಾಹಿತ್ಯ ಮರೆತುಹೋದ್ರೆ ಹೆಂಗೆ ನಗಬೇಕು, ಎಲ್ಲಾ ಅವರೇ ಕಲಿಸಿದ್ದು.

ಅವರದ್ದೇ ಇನ್ನೊಂದು ಮುಖಾನೂ ಇತ್ತು. ಪೇಮೆಂಟ್ ಕೇಳಿದ್ರೆ "ಮುಂದಿನ ತಿಂಗಳು ಪುಟ್ಟಿ". ಬೇರೆ ಟೀಮಿನೋರು ಕರೆದ್ರೆ ಮುಖ ಗಂಟು. ನಾನು ಟ್ಯೂನ್ ಹಾಕಿದ ಒಂದು ಭಾವಗೀತೆಯನ್ನ ಪ್ರತಿ ಸಲ "ನಮ್ಮ ಟ್ರೂಪಿನ ಕಾಣಿಕೆ" ಅಂತ ಅನೌನ್ಸ್ ಮಾಡ್ತಿದ್ರು. ನನ್ನ ಹೆಸರು ಬರ್ತಿರಲಿಲ್ಲ.

ಮೈಸೂರಲ್ಲಿ ಡಿಗ್ರಿಗೆ ಸೀಟು ಸಿಕ್ತು. ಹೇಳೋಕೆ ಧೈರ್ಯ ಬರಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಎರಡು ತಿಂಗಳು ತಳ್ಳಿದೆ. ಗಣಪತಿ ಹಬ್ಬದ ಹಿಂದಿನ ದಿನ, ಸೀಸನ್ನಿನ ಮೊದಲ ಪ್ರೋಗ್ರಾಂ ಇರೋವಾಗ, ಮೈಸೂರು ಬಸ್ಸಲ್ಲಿ ಕೂತು ವಾಟ್ಸಾಪ್ ಮಾಡಿದೆ. "ಸರ್ ಕಾಲೇಜ್ ಇದೆ, ಇನ್ಮೇಲೆ ಬರಕ್ಕಾಗಲ್ಲ. ಥ್ಯಾಂಕ್ಸ್." ಕೊನೆಗೆ ಒಂದು ಕೈಮುಗಿಯೋ ಎಮೋಜಿ. ಆರು ಸಲ ಫೋನ್ ಮಾಡಿದ್ರು. ಎತ್ತಲಿಲ್ಲ. ಆಮೇಲೆ ಬ್ಲಾಕ್ ಮಾಡಿದೆ.

ಏಳು ಪ್ರೋಗ್ರಾಂ ದುಡ್ಡು ಬರಬೇಕಿತ್ತು. ಒಂದಕ್ಕೆ 800 ರೂಪಾಯಿ. ದುಡ್ಡು ಕೊಡದೇ ಇರೋರಿಗೆ ಯಾಕೆ ವಿವರಣೆ ಕೊಡ್ಬೇಕು ಅಂತ ಮೂರು ವರ್ಷ ನನಗೆ ನಾನೇ ಹೇಳ್ಕೊಂಡೆ.

4/8

ಮತ್ತೆ ಡಾಲಿ ಹತ್ರ ಹೋಗೋಣ.

ಹಾಡು ರೆಕಾರ್ಡ್ ಆಗಿದ್ದು 1973ರ ಜೂನಿನಲ್ಲಿ, ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ಬಿಯಲ್ಲಿ. 1974ರಲ್ಲಿ ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್. ಅದನ್ನ ಹುಡುಕಿ ಕೇಳಿ. ವಿಟ್ನಿ ಹಾಡಿರೋದನ್ನ ಮನಸ್ಸಲ್ಲಿ ಇಟ್ಕೊಂಡು ಕೇಳಿದ್ರೆ ಆಶ್ಚರ್ಯ ಆಗುತ್ತೆ. ಮೂರು ನಿಮಿಷವೂ ಇಲ್ಲ. ಎಲ್ಲೂ ಕೂಗಾಟ ಇಲ್ಲ. ಎದುರಿಗೆ ಕೂತಿರೋ ಒಬ್ಬರಿಗೆ ಮಾತ್ರ ಕೇಳಿಸಿದ್ರೆ ಸಾಕು ಅನ್ನೋ ಹಾಗೆ ಹಾಡಿದ್ದಾಳೆ. ಕೊನೆಯ ಚರಣವನ್ನಂತೂ ಹಾಡೋದೂ ಇಲ್ಲ, ಬರೀ ಮಾತಲ್ಲಿ ಹೇಳ್ತಾಳೆ. ಆ ಚರಣದಲ್ಲಿರೋದು ಹಾರೈಕೆ. ನಿನಗೆ ಒಳ್ಳೇದಾಗಲಿ, ನೀನು ಅಂದುಕೊಂಡಿದ್ದೆಲ್ಲ ಸಿಗಲಿ ಅನ್ನೋ ಅರ್ಥದ್ದು. ಈ ಮೂರನೇ ಚರಣ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹಾಡು ಓಡ್ತಿದ್ದಾಗ ಎಲ್ವಿಸ್ ಪ್ರೆಸ್ಲಿ ಕಡೆಯಿಂದ ಕರೆ ಬಂತು. ಎಲ್ವಿಸ್‌ಗೆ ಹಾಡು ಇಷ್ಟ ಆಗಿದೆ, ಹಾಡ್ತಾನೆ. ಡಾಲಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರೆಕಾರ್ಡಿಂಗ್‌ಗೆ ಮುಂಚೆ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಒಂದು ಷರತ್ತು ಹಾಕಿದ. ಎಲ್ವಿಸ್ ಹಾಡಬೇಕು ಅಂದ್ರೆ ಹಾಡಿನ ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಡಬೇಕು.

ಅವಳು ಆಗಲ್ಲ ಅಂದಳು. ಆ ರಾತ್ರಿಯೆಲ್ಲ ಅತ್ತೆ ಅಂತಾನೂ ಹೇಳಿದ್ದಾಳೆ. ಎಲ್ವಿಸ್ ಅಂದ್ರೆ ಅವಳಿಗೆ ಪ್ರಾಣ. ಆದ್ರೂ ಕೊಡಲಿಲ್ಲ.

ಹಾಡು ಬರೆಯೋ ಫ್ರೆಂಡ್ಸ್‌ಗೆ ಒಂದು ವಿಷಯ. ಹಾಡಿನಲ್ಲಿ ಎರಡು ಆಸ್ತಿ ಇರುತ್ತೆ. ಒಂದು ರೆಕಾರ್ಡಿಂಗ್, ಇನ್ನೊಂದು ಬರೆದ ಹಾಡು, ಅಂದ್ರೆ ಸಾಹಿತ್ಯ ಮತ್ತು ಟ್ಯೂನ್. ಅಮೆರಿಕದಲ್ಲಿ ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದ್ರೆ ದುಡ್ಡು ಹೋಗೋದು ಬರೆದವರಿಗೆ ಮತ್ತು ಅವರ ಪಬ್ಲಿಷರ್‌ಗೆ, ಹಾಡಿದವರಿಗಲ್ಲ. ಡಾಲಿ ಅರ್ಧ ಕೊಟ್ಟುಬಿಟ್ಟಿದ್ರೆ, ಮುಂದೆ ಯಾರೇ ಹಾಡಿದ್ರೂ ಅರ್ಧ ಅವರ ಪಾಲಾಗ್ತಿತ್ತು. ನಮ್ಮ ದೇಶದಲ್ಲೂ 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ಸಿನಿಮಾ ಹಾಡು ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದಾಗ ಗೀತೆ ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಲ್ಟಿ ಪಾಲನ್ನ ಸಿನಿಮಾ ಮಾಡಿದವರಿಗೆ ಬರೆದುಕೊಡೋ ಹಾಗಿಲ್ಲ. ಸಹಿ ಹಾಕೋಕೆ ಮುಂಚೆ ಓದಿ.

5/8

1975ರಲ್ಲಿ ಲಿಂಡಾ ರಾನ್‌ಸ್ಟಾಟ್ ಈ ಹಾಡನ್ನ ತನ್ನ ಆಲ್ಬಂನಲ್ಲಿ ಹಾಡಿದಳು. ರಾಕ್ ಕೇಳೋ ಜನರಿಗೂ ಹಾಡು ತಲುಪಿತು. ಆದ್ರೆ ಅವಳು ಹಾಡಿದ್ದರಲ್ಲಿ ಆ ಹಾರೈಕೆಯ ಚರಣ ಇರಲಿಲ್ಲ.

1982ರಲ್ಲಿ ಡಾಲಿ ಬರ್ಟ್ ರೆನಾಲ್ಡ್ಸ್ ಜೊತೆ ನಟಿಸಿದ ಸಿನಿಮಾಗೆ ತನ್ನ ಹಾಡನ್ನ ತಾನೇ ಇನ್ನೊಂದು ಸಲ ಹಾಡಿದಳು. ಮತ್ತೆ ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್. ಒಬ್ಬರದ್ದೇ ಹಾಡು, ಅವರದ್ದೇ ದನಿಯಲ್ಲಿ, ಎರಡು ಸಲ ಮೇಲಕ್ಕೆ ಹೋಗಿದ್ದು.

ಸಿನಿಮಾದಲ್ಲಿ ಅದು ಗಂಡು ಹೆಣ್ಣಿನ ಪ್ರೀತಿಯ ಹಾಡಾಯ್ತು. ಅಲ್ಲಿಂದ ಮೇಷ್ಟ್ರು ಮರೆಯಾದ್ರು, ಪ್ರೇಮಿ ಬಂದ. ಇದರಲ್ಲಿ ತಪ್ಪೇನೂ ಇಲ್ಲ. ಹಾಡಲ್ಲಿ ಯಾರ ಹೆಸರೂ ಇಲ್ಲ, ಸಂಬಂಧ ಏನು ಅಂತಾನೂ ಇಲ್ಲ. ಹೋಗ್ತಿದ್ದೀನಿ, ಪ್ರೀತಿ ಇದೆ, ಇಷ್ಟೇ. ಯಾರು ಯಾರನ್ನ ಬಿಟ್ಟು ಹೋಗ್ತಿದ್ರೂ ಅವರಿಗೆ ಹೊಂದುತ್ತೆ.

6/8

ಇನ್ನು ನಮಗೆಲ್ಲ ಗೊತ್ತಿರೋದು.

'ದಿ ಬಾಡಿಗಾರ್ಡ್' ಸಿನಿಮಾ, 1992. ದೊಡ್ಡ ಗಾಯಕಿಯಾಗಿ ವಿಟ್ನಿ, ಅವಳ ಅಂಗರಕ್ಷಕನಾಗಿ ಕೆವಿನ್ ಕಾಸ್ಟ್ನರ್. ಕೊನೆಯ ಹಾಡಿಗೆ ಮೊದಲು ಆರಿಸಿದ್ದು 1966ರ ಜಿಮ್ಮಿ ರಫಿನ್‌ನ ಹಳೇ ಹಾಡು. ಅಷ್ಟರಲ್ಲಿ ಅದೇ ಹಾಡು ಬೇರೆ ಸಿನಿಮಾದಲ್ಲಿ ಬಂದುಬಿಡ್ತು. ಬದಲಿಗೆ ಯಾವುದು ಅಂತ ಹುಡುಕ್ತಿದ್ದಾಗ ಕಾಸ್ಟ್ನರ್ ತಂದುಕೊಟ್ಟಿದ್ದು ಲಿಂಡಾ ರಾನ್‌ಸ್ಟಾಟ್‌ಳ ರೆಕಾರ್ಡು.

ಸಂಗೀತ ಜೋಡಿಸಿದ್ದು ಡೇವಿಡ್ ಫಾಸ್ಟರ್. ನಿಮ್ಮ ಹಾಡು ಬಳಸ್ತಿದ್ದೀವಿ ಅಂತ ಡಾಲಿಗೆ ಫೋನ್ ಮಾಡಿದಾಗ ಗೊತ್ತಾಯ್ತು, ಅವನ ಹತ್ರ ಇರೋ ಹಾಡಲ್ಲಿ ಕೊನೆಯ ಚರಣವೇ ಇಲ್ಲ. ಡಾಲಿ ಫೋನಲ್ಲೇ ಅದನ್ನ ಹೇಳಿ ಬರೆಸಿದಳು. ಹಾಗಾಗಿ ಹಾರೈಕೆ ವಾಪಸ್ ಬಂತು.

ಹಾಡು ಶುರುವಾಗೋದು ಯಾವ ವಾದ್ಯವೂ ಇಲ್ಲದೆ, ವಿಟ್ನಿಯ ದನಿ ಒಂದರಲ್ಲೇ. ಹೀಗಿದ್ರೆ ರೇಡಿಯೋದೋರು ಹಾಕಲ್ಲ ಅಂತ ರೆಕಾರ್ಡ್ ಕಂಪನಿಯೋರಿಗೆ ಭಯ. ಕಾಸ್ಟ್ನರ್ ಹಟ ಹಿಡಿದ. ಆಮೇಲೆ ನಿಧಾನಕ್ಕೆ ವಾದ್ಯಗಳು ಸೇರುತ್ವೆ, ಮಧ್ಯೆ ಕರ್ಕ್ ವೇಲಮ್‌ನ ಸ್ಯಾಕ್ಸೋಫೋನ್. ಆಮೇಲೆ ಒಂದು ಕ್ಷಣ ಎಲ್ಲಾ ನಿಂತು, ಡ್ರಮ್ಮಿನ ಒಂದೇ ಒಂದು ಏಟು, ಶ್ರುತಿ ಮೇಲಕ್ಕೆ. ನೀವು ರೀಲ್ಸ್ ಮಾಡೋದು ಆ ಜಾಗದಿಂದ. ಅದಕ್ಕೆ ಸ್ವಲ್ಪ ಮುಂಚೆನೇ ಮೂರನೇ ಚರಣ ಇರೋದು. ಅದನ್ನ ಕತ್ತರಿಸಿಬಿಡ್ತೀವಿ ನಾವು.

ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ನಂಬರ್ ಒನ್. ಆಗ ಅದು ದಾಖಲೆ. 1994ರ ಗ್ರ್ಯಾಮಿಯಲ್ಲಿ ವರ್ಷದ ರೆಕಾರ್ಡ್ ಪ್ರಶಸ್ತಿ. ಡಾಲಿ ಇದನ್ನ ಮೊದಲು ಕೇಳಿದ್ದು ಕಾರು ಓಡಿಸುವಾಗ ರೇಡಿಯೋದಲ್ಲಂತೆ. ಇದೆಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಳ್ಳೋಷ್ಟರಲ್ಲಿ ತನ್ನದೇ ಹಾಡು ಅಂತ ಗೊತ್ತಾಗಿ, ಕೈ ನಡುಗಿ, ಗಾಡಿ ಪಕ್ಕಕ್ಕೆ ಹಾಕಿದಳಂತೆ. ಎಲ್ವಿಸ್‌ಗೆ ಕೊಡದೇ ಉಳಿಸಿಕೊಂಡ ಹಕ್ಕು ಆಗ ದುಡ್ಡಾಗಿ ಬಂತು. ಅದರಲ್ಲಿ ನ್ಯಾಶ್‌ವಿಲ್‌ನ ಕಪ್ಪು ಜನರ ಬಡಾವಣೆಯಲ್ಲಿ ಒಂದು ಕಟ್ಟಡದ ಸಮುಚ್ಚಯ ಕೊಂಡಳು. ಅದು ವಿಟ್ನಿ ಕಟ್ಟಿಸಿದ ಮನೆ ಅಂತ ತಾನೇ ಹೇಳಿದ್ದಾಳೆ.

ವಿಟ್ನಿ 2012ರ ಫೆಬ್ರವರಿ 11ರಂದು ತೀರಿಕೊಂಡಳು. ಬರೀ 48 ವರ್ಷ. ಮಾರನೇ ದಿನವೇ ಗ್ರ್ಯಾಮಿ ವೇದಿಕೆಯಲ್ಲಿ ಜೆನ್ನಿಫರ್ ಹಡ್ಸನ್ ಇದೇ ಹಾಡು ಹಾಡಿದಳು. ನ್ಯೂಆರ್ಕ್‌ನ ಚರ್ಚಿನಿಂದ ಶವಪೆಟ್ಟಿಗೆ ಹೊರಗೆ ತರುವಾಗ ವಿಟ್ನಿಯ ದನಿಯಲ್ಲೇ ಇದನ್ನ ಹಾಕಿದ್ರು. ಹೋಗ್ತಿದ್ದೀನಿ ಅಂತ ಹೇಳೋ ಹಾಡು, ಹೊರಟವಳದ್ದೇ ದನಿ.

7/8

ಪೋರ್ಟರ್ ಕತೆ ಏನಾಯ್ತು ಅಂತ ಯಾರೂ ಕೇಳಲಿಲ್ಲ. ನನಗೆ ಬೇಕಿದ್ದಿದ್ದೇ ಅದು.

ಕಣ್ಣೀರು ಹಾಕಿ ಕಳಿಸಿಕೊಟ್ಟ, ಎಲ್ಲಾ ಸುಖಾಂತ್ಯ ಅಂದುಕೊಂಡ್ರಾ? 1979ರಲ್ಲಿ ಅವಳ ಮೇಲೆ ಕೇಸ್ ಹಾಕಿದ. ಒಪ್ಪಂದ ಮುರಿದಿದ್ದಾಳೆ, 30 ಲಕ್ಷ ಡಾಲರ್ ಕೊಡಬೇಕು ಅಂತ. ಕೊನೆಗೆ ಕೋರ್ಟಿನ ಹೊರಗೆ ರಾಜಿ ಆಯ್ತು.

ನಾನು ಇದನ್ನ ಓದಿ ಫೋನ್ ಕೆಳಗಿಟ್ಟೆ. ಅಷ್ಟು ಚೆನ್ನಾಗಿ ವಿದಾಯ ಹೇಳಿದ್ರೂ ಹೀಗಾಗುತ್ತೆ ಅಂದ್ರೆ, ನಾನು ಹೇಳದೇ ಹೋಗಿದ್ದೇ ಸರಿ ಅಂತ ಒಂದು ಕ್ಷಣ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ.

ಆದ್ರೆ 2007ರ ಮೇ ತಿಂಗಳು. ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ಹೆಸರಾಂತ ವೇದಿಕೆಗೆ ಪೋರ್ಟರ್ ಸೇರಿ 50 ವರ್ಷ ಆಗಿತ್ತು. ಅವನಿಗಾಗಿ ಮಾಡಿದ ಕಾರ್ಯಕ್ರಮಕ್ಕೆ ಡಾಲಿ ಬಂದಳು. ಅದೇ ಹಾಡನ್ನ ಅವನಿಗೇ ಹಾಡಿದಳು. ಬರೆದು 34 ವರ್ಷ ಆಗಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ತೀರಿಕೊಂಡ.

ನನಗೆ ಅರ್ಥ ಆಗಿದ್ದು ಇಷ್ಟು. ಉಪಕಾರ ಮಾಡಿದವರ ಹತ್ರ ಜೀವನ ಪೂರ್ತಿ ಇರಬೇಕು ಅಂತ ಇಲ್ಲ. ಅವರು ಮಾಡಿದ ಅನ್ಯಾಯ ಮರೆಯಬೇಕು ಅಂತಾನೂ ಇಲ್ಲ. ನಮ್ಮದನ್ನ ಬಿಟ್ಟುಕೊಡಬೇಕಾಗಿಲ್ಲ. ಆದ್ರೆ ಹೋಗೋವಾಗ ಎದುರಿಗೆ ನಿಂತು ಹೇಳಬೇಕು, ಆ ಮೂರನೇ ಚರಣದ ಸಮೇತ. ನನ್ನ ವಾಟ್ಸಾಪಲ್ಲಿ ಮೂರನೇ ಚರಣ ಇರಲಿಲ್ಲ. ಎಮೋಜಿ ಇತ್ತು.

8/8

ಹೋದ ಭಾನುವಾರ ಊರಿಗೆ ಹೋದಾಗ ಮೇಷ್ಟ್ರ ಮನೆಗೆ ಹೋದೆ. ಬ್ಯಾಗಲ್ಲಿ ಹಳೇ ಡೈರಿ ಇತ್ತು.

ಬಾಗಿಲು ತೆಗೆದಿದ್ದು ಅವರ ಹೆಂಡತಿ. "ಎಷ್ಟು ಸಣ್ಣ ಆಗಿದ್ದೀಯಾ, ಪಿಜಿ ಊಟನಾ" ಅಂತ ಒಳಗೆ ಕರೆದ್ರು. ಮೇಷ್ಟ್ರು ಕೀಬೋರ್ಡಿಗೆ ಬಟ್ಟೆ ಹೊದಿಸ್ತಿದ್ರು, ತಿರುಗಿ ನೋಡಿ ಏನೂ ಅನ್ನಲಿಲ್ಲ.

ನಾನೇ ಶುರುಮಾಡಿದೆ. "ಮೇಷ್ಟ್ರೇ, ಆವತ್ತು ಹಂಗೆ ಹೋಗಬಾರದಿತ್ತು. ತಪ್ಪಾಯ್ತು."

ಸುಮಾರು ಹೊತ್ತು ಸುಮ್ಮನಿದ್ರು. ಆಮೇಲೆ, "ನೀನು ಹೋಗ್ತೀಯ ಅಂತ ನಂಗೆ ಗೊತ್ತಿತ್ತು. ಓದೋ ಹುಡುಗಿ, ಹೋಗದೇ ಇರ್ತೀಯಾ? ಆವತ್ತು ಸ್ಟೇಜ್ ಮೇಲೆ ನಿನ್ನ ಹೆಸರು ಅನೌನ್ಸ್ ಮಾಡ್ಬಿಟ್ಟಿದ್ದೆ ಪುಟ್ಟಿ. ಫೋನ್ ನೋಡಿರಲಿಲ್ಲ. ಜನ ಕಾಯ್ತಾ ಕೂತಿದ್ರು" ಅಂದ್ರು.

ಅದು ನನಗೆ ಗೊತ್ತೇ ಇರಲಿಲ್ಲ. ಆರು ಕರೆ ಬೈಯೋಕೆ ಅಂದುಕೊಂಡಿದ್ದೆ. ಅವರು ಎಲ್ಲಿದ್ದೀಯ ಅಂತ ಹುಡುಕ್ತಿದ್ರು.

ಅತ್ತೆ. ಅತ್ತು ಮುಗಿಸಿ ಡೈರಿನೂ ತೆಗೆದೆ. "ಏಳು ಪ್ರೋಗ್ರಾಂದು ಬಾಕಿ ಇದೆ ಮೇಷ್ಟ್ರೇ" ಅಂದೆ. ಇದನ್ನ ಹೇಳೋಕೆ ಕ್ಷಮೆ ಕೇಳೋದಕ್ಕಿಂತ ಜಾಸ್ತಿ ಕಷ್ಟ ಆಯ್ತು.

ಡೈರಿ ಈಸ್ಕೊಂಡು, ಕನ್ನಡಕ ಹಾಕ್ಕೊಂಡು, ಒಂದೊಂದೇ ಊರಿನ ಹೆಸರು ಓದಿದ್ರು. "ಏಳಲ್ಲ, ಎಂಟು. ಹಾರನಹಳ್ಳಿದು ನೀನು ಬರ್ಕೊಂಡೇ ಇಲ್ಲ" ಅಂದ್ರು. 2,000 ರೂಪಾಯಿ ಅಲ್ಲೇ ಫೋನಲ್ಲಿ ಹಾಕಿದ್ರು. ಉಳಿದಿದ್ದು ಎರಡು ಕಂತಲ್ಲಿ ಕೊಡ್ತಾರಂತೆ. ನಾನು ಬೇಡ ಅನ್ನಲಿಲ್ಲ. ಭಾವಗೀತೆ ವಿಷಯಾನೂ ಕೇಳಿದೆ. ಅದಕ್ಕೆ ಉತ್ತರ ಕೊಡದೆ "ಕಾಫಿ ಕುಡಿ" ಅಂದ್ರು. ಅದು ಇನ್ನೊಂದು ಭಾನುವಾರಕ್ಕೆ.

ಹೊರಡೋ ಮುಂಚೆ ಆ ಇಂಗ್ಲಿಷ್ ಹಾಡಿನ ಬಗ್ಗೆ ಕೇಳಿದೆ. ಯೂಟ್ಯೂಬ್ ನೋಡಿ ಕಲ್ತಿದ್ದಂತೆ. ಗಂಡು ಹೆಣ್ಣು ಬರೋವಾಗ ಗ್ರ್ಯಾಂಡ್ ಆಗಿರುತ್ತೆ ಅಂತ ನುಡಿಸ್ತಾರಂತೆ, ಅರ್ಥ ಗೊತ್ತಿಲ್ಲ. ನಾನು ಡಾಲಿ, ಪೋರ್ಟರ್, ಎಲ್ಲಾ ಹೇಳಿದೆ. ಕೇಸ್ ಹಾಕಿದ್ದನ್ನೂ ಹೇಳಿದೆ. ಅಲ್ಲಿಗೆ ನಕ್ಕರು.

"ಬಿಟ್ಟು ಹೋಗೋ ಹಾಡಾ ಅದು? ಮೊದಲೇ ಹೇಳ್ಬಾರದಾ? ಸರಿ ಬಿಡು, ಇನ್ಮೇಲೆ ಹೆಣ್ಣು ಒಪ್ಪಿಸೋವಾಗ ನುಡಿಸ್ತೀನಿ."

ರಾತ್ರಿ ಎಂಟಾಗಿತ್ತು. ಸ್ಕೂಟರ್‌ನಲ್ಲಿ ಮನೆವರೆಗೂ ಬಿಟ್ರು. ಅಮ್ಮ ಬಾಗಿಲು ತೆಗೆದು ಲೈಟ್ ಹಾಕೋವರೆಗೂ ಗಾಡಿ ಸ್ಟಾರ್ಟ್ ಮಾಡಲಿಲ್ಲ.

(ಹೇಳದೇ ಬಿಟ್ಟು ಬಂದ ಒಬ್ಬ ಮೇಷ್ಟ್ರೋ, ಕೋಚೋ, ಅಣ್ಣನೋ ನಿಮಗೂ ಇದ್ರೆ ಕಾಮೆಂಟಲ್ಲಿ ಬರೀಬೇಡಿ. ಅವರಿಗೇ ಫೋನ್ ಮಾಡಿ. ಬಾಕಿ ಇದ್ರೆ ಅದನ್ನೂ ಕೇಳಿ.)

#ಹಾಡಿನಕತೆ #ರಸಮಂಜರಿ #ಮೂರನೇಚರಣ